ಹೊಲಕ್ಕೆ ಅಡವಿಯೆಂಬ ಹೆಸರು

ಹಂಚಿಗೆ ಹಾಕಬೇಕಾದ ರೊಟ್ಟಿ ವಿದ್ಯಾವತಿಯ ಅಂಗೈಯಲ್ಲೇ ಉಳಿಯಿತು. ಹೊರಗೆ ಮರ ಕಡಿಯುವ ಖಲೀಲ ಗರಗಸದ ಮಷೀನು ಹಿಡಿದು ಬಂದು ಅವಳ ಗಂಡನನ್ನು ಕರೆಯುತ್ತಿದ್ದ. “ಅಮರನಾಥಣ್ಣಾ, ಅಡವಿಗೆ ನಡೀರಿ. ಬಿಸಿಲೇರೂದ್ರಾಗ ಬೇವಿನ ಗಿಡ ಕೆಡವಿಬಿಡೋಣು.”

ಮಣ್ಣೂರಿನವರು ಹೊಲಕ್ಕೆ ಹೊರಟರೆ ‘ಅಡವಿಗೆ ಹೊಂಟೇನಿ’ ಅನ್ನುವುದು ರೂಢಿ. ಹೊಳೆದಂಡೆಯ ಅಮರನಾಥನ ಹೊಲದಲ್ಲಿ ಉಳಿದಿದ್ದು ಅದೊಂದೇ ಗಿಡ. ಟ್ರ್ಯಾಕ್ಟರ್ ತಿರುಗಿಸಲು ಅಡ್ಡ ಎಂದು ಅಮರನಾಥ ಹಟ ಹಿಡಿದಿದ್ದ. ಹೆಂಡತಿಯ ಮಾತು ಕಿವಿಗೆ ಹಾಕಿಕೊಂಡಿರಲಿಲ್ಲ. ಕಳೆ ತೆಗೆಯುವ ದಿನಗಳಲ್ಲಿ ವಿದ್ಯಾವತಿ ಮಗಳನ್ನು ತೂಗಲು ಸೀರೆಯ ಜೋಳಿಗೆ ಕಟ್ಟಿದ್ದು ಅದರ ಟೊಂಗೆಗೇ. ಇಂದಿಗೂ ಬುತ್ತಿ ಉಂಡು ಏಳುವಾಗ ಅವಳು ಅದರ ಬೊಡ್ಡೆ ಮುಟ್ಟಿ ಕೈಯನ್ನು ಕಣ್ಣಿಗೊತ್ತಿಕೊಳ್ಳುತ್ತಾಳೆ. ಹೆತ್ತ ಕೂಸನ್ನು ನೆರಳಲ್ಲಿ ತೂಗಿದ ಉಪಕಾರವನ್ನು ಯಾವ ತಾಯಿ ಮರೆತಾಳು?

ಆ ಮಗಳು ಸೃಷ್ಟಿ ಈಗ ಪುಸ್ತಕ ಹಿಡಿದು ಬಾಗಿಲಿಗೆ ಬಂದಳು. ದೊಡ್ಡವರ ಮುಂದೆ ಬಾಯಿ ಬಿಡದ ಹುಡುಗಿ. “ಅಪ್ಪಾ, ಅಡವಿ ಅಂದ್ರ ಬಿಸಿಲು ನೆಲಕ್ಕ ಬೀಳದಂಗ ಗಿಡ ಇರ್ತಾವಂತ. ಮಳೆಕಾಡಿನ ಪಾಠದಾಗ ಅದ. ನಾವ್ಯಾಕ ಹೊಲಕ್ಕ ಅಡವಿ ಅಂತೀವಿ?”

ಖಲೀಲ ನಕ್ಕ. “ಹಿಂದ ಅಡವೀನೇ ಇತ್ತು ಬೇಟಿ. ಕಡದು ಕಡದು ಹೊಲ ಆಗ್ಯದ. ಹೆಸರೊಂದು ಉಳದದ.”

ಅಮರನಾಥ ನಗಲಿಲ್ಲ. ಹೊರಡಲೆಂದು ಬೈಕಿನ ಕಿಕ್ ಮೇಲಿಟ್ಟಿದ್ದ ಅವನ ಕಾಲು ಮೆಲ್ಲಗೆ ನೆಲಕ್ಕಿಳಿಯಿತು. ವಿದ್ಯಾವತಿ ಒಲೆ ಬಿಟ್ಟು ಬಂದು ಹಿಟ್ಟು ಮೆತ್ತಿದ ಕೈಯನ್ನೇ ಮಗಳ ಬೆನ್ನಿಗಿಟ್ಟಳು. “ಹೇಳು ಬೇ, ಅಪ್ಪ ಕೇಳಾಕತ್ತಾನ.”

“ಆ ಒಂದು ಗಿಡಾನೂ ಕಡದ್ರ,” ಸೃಷ್ಟಿ ಕೇಳಿಯೇಬಿಟ್ಟಳು, “ನಾಳಿಂದ ಎಲ್ಲಿಗೆ ಹೊಂಟೇನಿ ಅಂತ ಹೇಳ್ತೀ, ಅಪ್ಪಾ?”