ಡಬ್ಬಿಯ ಮೇಲಿನ ಹೆಸರು

“ಇಲ್ಲ... ಅನ್ಸುತ್ತೆ,” ಎಂದಳು ಮಗಳು.

ತಾಯಿಯ ಎದೆ ಧಸಕ್ಕೆಂದಿತು. ನರ್ಸ್ ಕೇಳಿದ್ದು ಬಸುರಿಯೇ ಎಂದು. ತಿಂಗಳೊಪ್ಪತ್ತಿನಲ್ಲಿ ಮದುವೆಯಾಗಲಿರುವ ಹುಡುಗಿ ಆ ಪ್ರಶ್ನೆಗೆ ಕಡ್ಡಿ ಮುರಿದಂತೆ ‘ಇಲ್ಲ’ ಅನ್ನಬೇಕೋ ಬೇಡವೋ? ಅನ್ಸುತ್ತೆ ಅಂದರೆ ಏನರ್ಥ? ಮಗಳ ಮುಖ ನೋಡಿದಳು. ಕೆಂಪೇರಿತ್ತು.

ಸದ್ಯ, ಬೀಗಿತ್ತಿ ಹೊರಗೆ ಬೆಂಚಿನ ಮೇಲಿದ್ದರು. ಹುಡುಗಿಯ ಕಿವಿಯಲ್ಲಿ ಗುಂಯ್ ಎಂಬ ಸದ್ದಂತೆ, ಎಂಆರ್‌ಐ ಮಾಡಿಸಬೇಕಂತೆ ಎಂಬ ಸುದ್ದಿ ಸಿಕ್ಕಿದ್ದೇ ತಡ, ‘ನಾನೂ ಬರ್ತೀನಿ’ ಎಂದು ಹೊರಟು ನಿಂತಿದ್ದರು. ಹೆಣ್ಣನ್ನು ಹೊರಗಿನಿಂದ ನೋಡಿ ಒಪ್ಪಿದ್ದಾಗಿತ್ತು, ಒಳಗೂ ಒಮ್ಮೆ ನೋಡಿಬಿಡೋಣ ಅನ್ನುವ ಉಮೇದು. ಆಕೆಯ ಕಿವಿಗಳಿಗೆ ಮಾತ್ರ ಯಾವ ಸ್ಕ್ಯಾನಿಂಗೂ ಬೇಕಿರಲಿಲ್ಲ.

“ಅನ್ಸುತ್ತೆ ಅಂದ್ರೆ ನನಗೆ ಸಾಲಲ್ಲಮ್ಮಾ,” ಎಂದಳು ನರ್ಸ್. “ಕಿಡ್ನಿ ರಿಪೋರ್ಟ್ ಚೆನ್ನಾಗಿದೆ. ಅಲರ್ಜಿ ಏನೂ ಇಲ್ಲ ಅಂದ್ರಿ. ಆದ್ರೆ ಸ್ಕ್ಯಾನಿಂಗ್ ಚಿತ್ರ ಸ್ಪಷ್ಟವಾಗಿ ಬರ್ಲಿ ಅಂತ ಕೊಡೋ ಈ ಕಾಂಟ್ರಾಸ್ಟ್ ಇಂಜೆಕ್ಷನ್ ರಕ್ತದಲ್ಲಿ ಸೇರುತ್ತೆ. ಹೊಟ್ಟೇಲಿ ಮಗು ಇದ್ರೆ ಅದಕ್ಕೂ ಹೋಗುತ್ತೆ. ತೀರಾ ಅನಿವಾರ್ಯ ಅಲ್ಲದಿದ್ರೆ ಬಸುರಿಯರಿಗೆ ಕೊಡೋದೇ ಇಲ್ಲ. ಒಂದು ಯೂರಿನ್ ಟೆಸ್ಟ್ ಮಾಡಿಬಿಡೋಣ.”

“ಮದುವೆ ಆಗದ ಹುಡುಗಿ ಕಣಮ್ಮಾ ಇವಳು!”

“ಇಂಜೆಕ್ಷನ್ ಅದನ್ನೆಲ್ಲ ಕೇಳಲ್ವಲ್ಲಮ್ಮಾ,” ಎಂದ ನರ್ಸ್, ಮಗಳ ಹೆಸರಿನ ಚೀಟಿ ಅಂಟಿಸಿದ ಡಬ್ಬಿಯೊಂದನ್ನು ಮುಂದೆ ಹಿಡಿದಳು.

ಮಗಳು ಶೌಚಾಲಯಕ್ಕೆ ಹೋಗಿ ಬಂದು, ಡಬ್ಬಿಯನ್ನು ತಾಯಿಯ ಕೈಗಿತ್ತು ಬಟ್ಟೆ ಬದಲಿಸಲು ನಡೆದಳು. ತಾಯಿ ಅಲ್ಲೇ ನಿಂತಳು. ಬೀಗಿತ್ತಿಯ ಮಗ ವಾರಕ್ಕೊಮ್ಮೆ ಬಂದು ಇವಳನ್ನು ಸುತ್ತಾಡಿಸಲು ಕರೆದೊಯ್ಯುತ್ತಿದ್ದ. ‘ಹೋಗಿ ಬರಲಿ ಬಿಡ್ರೀ, ಕಾಲ ಬದಲಾಗಿದೆ’ ಎಂದು ಗಂಡನ ಬಾಯಿ ಮುಚ್ಚಿಸಿದ್ದವಳು ತಾನೇ. ಈಗ ಪರೀಕ್ಷೆ ‘ಹೌದು’ ಎಂದುಬಿಟ್ಟರೆ? ಬೀಗಿತ್ತಿಯ ಬಾಯಿಗೆ ಬೀಗ ಹಾಕುವವರು ಯಾರು? ಮಗು ಯಾರದು ಎಂದು ಕೇಳಿ ಮದುವೆ ಮುರಿಯುವಂಥ ಬಾಯಿ ಅದು.

ಅವಳು ಶೌಚಾಲಯಕ್ಕೆ ನುಗ್ಗಿ ಚಿಲಕ ಹಾಕಿಕೊಂಡಳು. ಫಿನಾಯಿಲ್ ವಾಸನೆಗೆ ಹೊಟ್ಟೆ ತೊಳೆಸಿತು. ಮದುವೆಯ ಓಡಾಟ ಶುರುವಾದಾಗಿನಿಂದ ಸುಸ್ತೋ ಸುಸ್ತು, ಊಟ ಸೇರದು. ಡಬ್ಬಿಯಲ್ಲಿದ್ದುದನ್ನು ಚೆಲ್ಲಿ, ತೊಳೆದು, ತನ್ನದನ್ನು ತುಂಬಿಸಿದಳು. ಮುಟ್ಟು ನಿಂತು, ತನ್ನ ಆ ಕಾಲವೆಲ್ಲ ಮುಗಿಯಿತು ಎಂದು ಈಚೆಗಷ್ಟೇ ನಿರಾಳವಾಗಿದ್ದವಳು ಆಕೆ. ಇದಕ್ಕಿಂತ ನಿರಪಾಯದ ಮಾಲು ಈ ಕಟ್ಟಡದಲ್ಲೇ ಸಿಗುವುದಿಲ್ಲ ಎಂದುಕೊಂಡಳು.

“ಮಗಳದ್ದೇ ತಾನೇ?” ಎಂದು ಕೇಳಿದಳು ನರ್ಸ್, ಡಬ್ಬಿ ಇಸಿದುಕೊಳ್ಳುತ್ತ.

“ಮತ್ತಿನ್ಯಾರದ್ದು? ಮೇಲೆ ಹೆಸರಿಲ್ವಾ?”

ಬೆಂಚಿಗೆ ಬಂದು ಕೂತಳು. ಗೆದ್ದ ಖುಷಿಗೆ ಸೆರಗಿನಿಂದ ಗಾಳಿ ಹಾಕಿಕೊಂಡಳು.

“ಏನ್ರೀ ಬೀಗಿತ್ತಿಯವರೇ, ಎಸಿಯಲ್ಲೂ ಬೆವರ್ತಿದ್ದೀರಿ?” ಎಂದರು ಪಕ್ಕದಲ್ಲಿದ್ದ ಹುಡುಗನ ತಾಯಿ.

“ಪಿತ್ತ ಕಣ್ರೀ.”

“ಇಷ್ಟಕ್ಕೆಲ್ಲ ಗಾಬರಿ ಆದ್ರೆ ಹೇಗೆ? ವರ್ಷದೊಳಗೆ ಒಂದು ಕೂಸು ಮನೆ ತುಂಬಲಿ, ಆಮೇಲೆ ನೋಡಿ. ರಾತ್ರಿಯೆಲ್ಲ ನಿದ್ದೆಗೆಡೋ ಸರದಿ ನಿಮ್ಮದೇ!”

ಕೂಸು ಎಂಬ ಮಾತು ಮುಳ್ಳಿನಂತೆ ಚುಚ್ಚಿತು. ಮರ್ಯಾದೆಯೇನೋ ಉಳಿಯಿತು. ಆದರೆ ನಿಜವಾಗಿಯೂ ಮಗಳ ಹೊಟ್ಟೆಯಲ್ಲೊಂದು ಜೀವವಿದ್ದರೆ? ಅದನ್ನು ಕಾಯಲೆಂದೇ ಇಟ್ಟ ಪರೀಕ್ಷೆಗೆ ಕೈಯಾರೆ ಮಣ್ಣು ಹಾಕಿ ಬಂದಿದ್ದಳಲ್ಲ! ಹೊಟ್ಟೇಲಿ ಮಗು ಇದ್ರೆ ಅದಕ್ಕೂ ಹೋಗುತ್ತೆ, ಎಂದಿದ್ದಳು ನರ್ಸ್. ಥೂ, ನಾನೆಂಥ ಅಜ್ಜಿ, ಎಂದು ತನ್ನನ್ನೇ ಬೈದುಕೊಂಡಳು. ಎದ್ದು ಹೋಗಿ ಹೇಳಿಬಿಡೋಣವೆಂದರೆ ಪಕ್ಕದಲ್ಲೇ ಬೀಗಿತ್ತಿ. ಏಳುವುದು, ಕೂರುವುದು, ಮತ್ತೆ ಏಳುವುದು. ಒಳಗೆ ಯಾಕೋ ತುಂಬ ಹೊತ್ತು ಹಿಡಿಯಿತು. ಒಮ್ಮೆ ನರ್ಸ್ ಹೊರಬಂದು, ಡಾಕ್ಟರ ಕೋಣೆಗೆ ಹೋಗಿ, ಇವರತ್ತ ನೋಡದೆ ಒಳಗೆ ಹೋದಳು.

ಬಾಗಿಲು ಅರೆ ತೆರೆದೇ ಉಳಿಯಿತು. ಮಗಳು ತೋಳು ಚಾಚಿ ಕೂತಿದ್ದಳು. ನರ್ಸ್ ಸಿರಿಂಜನ್ನು ಕೈಗೆತ್ತಿಕೊಂಡಳು.

ಮರ್ಯಾದೆ ಹಾಳಾಗಿ ಹೋಗಲಿ! ತಾಯಿ ಒಂದೇ ಉಸಿರಿಗೆ ಒಳಗೆ ಓಡಿದಳು.

“ನಿಲ್ಸಿ! ಚುಚ್ಬೇಡಿ! ಆ ಡಬ್ಬೀಲಿದ್ದದ್ದು ಇವಳದ್ದಲ್ಲ, ನನ್ನದು! ದೇವರಾಣೆಗೂ ನನ್ನದು!”

ಹಿಂದೆಯೇ ಬಂದ ಬೀಗಿತ್ತಿ ಹೊಸ್ತಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡರು. ನರ್ಸ್ ಸಿರಿಂಜನ್ನು ತಟ್ಟೆಯಲ್ಲಿಟ್ಟು ತಾಯಿಯನ್ನು ಮೇಲಿಂದ ಕೆಳಗೆ ನೋಡಿದಳು.

“ಅಮ್ಮಾ, ನನ್ನ ಮೇಲೆ ಅಷ್ಟೂ ನಂಬಿಕೆ ಇಲ್ವಾ?” ಮಗಳ ಕಣ್ಣು ತುಂಬಿತು. “ಊಟ ಆಯ್ತಾ ಅಂದ್ರೂ ನಾನು ಆಯ್ತು ಅನ್ಸುತ್ತೆ ಅಂತೀನಿ. ನಿನಗೆ ಗೊತ್ತಿಲ್ವಾ?”

“ಗಾಬರಿಯಾಗ್ಬೇಡಿ,” ಎಂದಳು ನರ್ಸ್. “ಮಗಳ ಹತ್ರ ಇನ್ನೊಂದು ಸಲ ತಗೊಂಡೆ, ನಾನೇ ಬಾಗಿಲಲ್ಲಿ ನಿಂತು. ಅವರು ಬಸುರಿ ಅಲ್ಲ. ಡಾಕ್ಟರೂ ನೋಡಿ ಒಪ್ಪಿದ್ದಾರೆ. ಇಂಜೆಕ್ಷನ್ ಧಾರಾಳವಾಗಿ ಕೊಡಬಹುದು. ಆಮೇಲೂ ಸ್ವಲ್ಪ ಹೊತ್ತು ಇಲ್ಲೇ ಕೂರಿಸ್ಕೊಂಡು ನೋಡ್ಕೋತೀವಿ.”

ತಾಯಿಗೆ ಹೋದ ಜೀವ ಬಂದಂತಾಯಿತು. ಮಗಳ ತಲೆ ಸವರಿದಳು. ಬೀಗಿತ್ತಿಯತ್ತ ತಿರುಗಿ, ಕೇಳಿದಿರಲ್ಲ ಎಂಬಂತೆ ಕತ್ತು ನೆಟ್ಟಗೆ ಮಾಡಿದಳು. ಆಮೇಲೆ ಸಿಟ್ಟು ಬಂತು.

“ಒಂದು ಸಲ ಕೊಟ್ಟಾಗಿತ್ತಲ್ಲ! ಮತ್ತೆ ಯಾಕಮ್ಮಾ ಕೇಳಿದ್ರಿ? ಸುಮ್ನೆ ಹುಡುಗಿ ಜೀವ ತಿನ್ನೋಕಾ?”

“ಮೊದಲನೇದು ಬಸುರಿ ಅಂತ ತೋರಿಸ್ತಲ್ಲಮ್ಮಾ, ಅದಕ್ಕೆ.”