ಮರದ ಪಾತ್ರ

ಶಾಲೆಯ ನಾಟಕದಲ್ಲಿ ರಾಜನಾಗಿದ್ದ ಹುಡುಗ ಮಾತು ಮರೆತಾಗ ಟೀಚರ್ ಅವನ ಪಕ್ಕದಲ್ಲೇ ಎರಡೂ ಕೈ ಮೇಲೆತ್ತಿ ಮರವಾಗಿ ನಿಂತಿದ್ದರು. ಮರವಾಗಬೇಕಿದ್ದ ಹುಡುಗಿ ಬೆಳಿಗ್ಗೆ ಜ್ವರ ಬಂದು ಮಲಗಿಬಿಟ್ಟಿದ್ದಳು. ಕ್ರೀಡಾಕೂಟ, ವಿಜ್ಞಾನ ಪ್ರದರ್ಶನ, ಪ್ರವಾಸ ಎಲ್ಲ ಮುಗಿದು ಈ ನಾಟಕದ ಹೊತ್ತಿಗೆ ಟೀಚರ್ ಹೈರಾಣಾಗಿ ಹೋಗಿದ್ದರು. ರಟ್ಟಿನ ಎಲೆಗಳು ಬೇರೆ ಕುತ್ತಿಗೆಗೆ ಚುಚ್ಚುತ್ತಿದ್ದವು.

ಮುಂದಿನ ಸಾಲಿನಲ್ಲಿ ಹೆಡ್‌ಮೇಡಂ ಮುಖ ಗಂಟು ಹಾಕಿಕೊಂಡರು. ನಾಟಕ ಬರೆದವರು ಟೀಚರೇ. ರಾಜನಿಗೆ ಹೇಳಿಕೊಡಲು ಬಾಯಿ ತೆರೆದರು. ಮರದ ಬುಡದಲ್ಲಿ ಕೊಡಲಿ ಹಿಡಿದು ನಿಂತಿದ್ದ ಪುಟಾಣಿ ಪಿಸುಗುಟ್ಟಿದಳು: "ಮಿಸ್, ನೀವು ಮರ. ಮರ ಮಾತಾಡಲ್ಲ." ತಿಂಗಳಿಡೀ ತಾಲೀಮಿನಲ್ಲಿ ಟೀಚರೇ ಗದರುತ್ತಿದ್ದ ಮಾತದು. ಅವರು ಬಾಯಿ ಮುಚ್ಚಿಕೊಂಡರು.

ರಾಜ ತಲೆ ಕೆರೆದುಕೊಂಡ. "ಮಂತ್ರಿಗಳೇ, ನನಗೆ ಸುಸ್ತಾಗಿದೆ. ಉಳಿದದ್ದು ನೀವೇ ಹೇಳಿ." ಪ್ರೇಕ್ಷಕರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಂತ್ರಿ ಸಲೀಸಾಗಿ ಹೇಳಿಯೂ ಬಿಟ್ಟ. ಈ ವರ್ಷ ಟೀಚರ್ ಕೈಹಾಕದೆ ನಡೆದ ಮೊದಲ ಕೆಲಸ ಅದು. ಆಮೇಲೆ ಕೊಡಲಿಯ ಏಟು ಮೂರು ಬಿದ್ದವು, ಮರ ಮೆಲ್ಲನೆ ಉರುಳಿತು. ವೇದಿಕೆಯ ಹಲಗೆ ಬೆನ್ನಿಗೆ ತಣ್ಣಗಿತ್ತು. ಟೀಚರ್ ಕಣ್ಣು ಮುಚ್ಚಿದರು.

ಪರದೆ ಬಿದ್ದದ್ದೇ ತಡ, ಹೆಡ್‌ಮೇಡಂ ಅದನ್ನು ಸರಿಸಿಕೊಂಡು ಒಳಗೆ ಬಂದರು. "ಏಳಿ ಟೀಚರ್, ಮುಂದಿನ ವಾರದ ಚಿತ್ರಕಲಾ ಸ್ಪರ್ಧೆ ಬಗ್ಗೆ ಸ್ವಲ್ಪ ಮಾತಾಡ್ಬೇಕು."

ಟೀಚರ್ ಅಲ್ಲಾಡಲಿಲ್ಲ. ಪುಟಾಣಿ ಆ ಮುಚ್ಚಿದ ಕಣ್ಣುಗಳನ್ನೊಮ್ಮೆ ನೋಡಿದಳು. ಆಮೇಲೆ ಕೊಡಲಿ ಹೆಗಲಿಗೇರಿಸಿ ನಡುವೆ ಬಂದು ನಿಂತಳು.

"ಈಗ ಆಗಲ್ಲ ಮೇಡಂ. ಮಿಸ್ ಇನ್ನೂ ಮರ."