ಈರೇಶ ಆರಿಸಿದ ಲೇತ್

"ಇದರಾಗ ಕೈ ಸಿಕ್ಕರ, ನಿಲ್ಲಾಕ ಎಷ್ಟ್ ಹೊತ್ತು ಹಿಡೀತೈತಿ?"

ಹೊಳೆಯಪ್ಪ ಕೇಳಿದ್ದು ಅಂಗಡಿಯವನನ್ನು. ಕಣ್ಣು ಮಾತ್ರ ಈರೇಶನ ಮೇಲಿತ್ತು.

ಹುಬ್ಬಳ್ಳಿಯ ಆ ಹಳೆ ಯಂತ್ರಗಳ ಅಂಗಡಿಯಲ್ಲಿ ಕಬ್ಬಿಣ ಕಡೆಯುವ ನಾಲ್ಕು ಸಣ್ಣ ಲೇತ್‌ಗಳು ಸಾಲಾಗಿ ನಿಂತಿದ್ದವು. ಅಂಗಡಿಯವನು ಒಂದನ್ನು ಓಡಿಸಿ ಸ್ವಿಚ್ ಆರಿಸಿದ. ಕಬ್ಬಿಣವನ್ನು ಕಚ್ಚಿ ಹಿಡಿಯುವ ಚಕ್ಕು ಇನ್ನೂ ನಾಲ್ಕು ಸುತ್ತು ತಿರುಗಿ, ಮನಸ್ಸಿಲ್ಲದಂತೆ ನಿಂತಿತು.

"ಐದಾರು ಸೆಕೆಂಡ್ ರಿ."

"ಅಷ್ಟ್ರಾಗ ಎಲ್ಲಾ ಮುಗದಿರತೈತಿ," ಎಂದ ಹೊಳೆಯಪ್ಪ.

ಅವನ ಬಲಗೈಯಲ್ಲಿ ಉಳಿದಿದ್ದುದು ಹೆಬ್ಬೆರಳೊಂದೇ. ಒಂಬತ್ತು ವರ್ಷದ ಹಿಂದೆ, ಇದೇ ಊರಿನ ಒಂದು ವರ್ಕ್‌ಶಾಪಿನಲ್ಲಿ, ನಿಂತ ಚಕ್ಕಿನೊಳಗೆ ಕೈಯಿಟ್ಟು ತುಂಡು ಸರಿಪಡಿಸುತ್ತಿದ್ದಾಗ ಲೇತ್ ಇದ್ದಕ್ಕಿದ್ದಂತೆ ಚಾಲೂ ಆಗಿತ್ತು. ಆಗ ಒಂದು ಉದ್ದನೆಯ ಕಬ್ಬಿಣದ ಶಾಫ್ಟ್ ಹಿಡಿದು ಪಕ್ಕದಲ್ಲೇ ಹಾದುಹೋಗುತ್ತಿದ್ದವನು ಅವನ ಶಿಷ್ಯ ಈರೇಶ. ಶಾಫ್ಟಿನ ತುದಿ ಸ್ವಿಚ್ಚಿಗೆ ತಾಗಿತು ಎಂದು ಹೊಳೆಯಪ್ಪ ಆಸ್ಪತ್ರೆಯಲ್ಲಿ ಹೇಳಿಕೆ ಕೊಟ್ಟ. ತಾಗಿದ್ದು ಈರೇಶನಿಗೆ ಗೊತ್ತೂ ಆಗಿರಲಿಲ್ಲ. ಅಷ್ಟು ಭಾರ ಹೊತ್ತವನಿಗೆ ಹಿಂದಿನ ತುದಿಯ ಅರಿವು ಎಲ್ಲಿಂದ ಬರಬೇಕು?

ಮರುದಿನವೇ ಅವನ ಕೆಲಸ ಹೋಯಿತು. ಕಲಿಸಿದವನ ಕೈಯನ್ನೇ ತಿಂದವನು ಎಂಬ ಮಾತು ಅವನಿಗಿಂತ ಮೊದಲೇ ಎಲ್ಲ ವರ್ಕ್‌ಶಾಪುಗಳ ಬಾಗಿಲು ಮುಟ್ಟಿತ್ತು. ತನ್ನೂರು ಮಿಶ್ರಿಕೋಟಿಗೆ ಮರಳಿ ಪಂಪ್‌ಸೆಟ್ ರಿಪೇರಿಗೆ ಕೂತ. ಲೇತ್ ಇರುವ ಕಡೆ ಆಮೇಲೆ ಕಾಲಿಡಲಿಲ್ಲ.

ಹೊಳೆಯಪ್ಪನ ಫೋನು ಬಂದದ್ದು ಹೋದ ವಾರ. "ಮನ್ಯಾಗ ಒಂದ್ ಸಣ್ಣ ಲೇತ್ ಹಾಕೂದೈತಿ. ನೀನ ಬಂದು ಆರಿಸಬೇಕು." ಅಷ್ಟೇ.

"ಒಂಬತ್ತ ವರ್ಷ ಸುಮ್ಮನಿದ್ದಾಂವ ಈಗ್ಯಾಕ ಕರೀತಾನ?" ಎಂದಿದ್ದಳು ಹೆಂಡತಿ ನಂದಾ. "ಬೆರಳಿಲ್ಲದಾಂವಗ ಲೇತ್ ಯಾಕ ಬೇಕು? ನೀವು ಹೋಗಬ್ಯಾಡ್ರಿ."

ಈರೇಶನಿಗೆ ಹೋಗದೆ ಇರುವ ಧೈರ್ಯವಿರಲಿಲ್ಲ.

ಈಗ ಅವನು ಒಂದೊಂದೇ ಯಂತ್ರದ ಉದ್ದನೆಯ ಕಬ್ಬಿಣದ ಬೆಡ್ಡಿನ ಮೇಲೆ ಬೆರಳೆಳೆದ. ಒಂದರಲ್ಲಿ ಚಕ್ಕಿನ ಹತ್ತಿರ ಸವೆದು ತಗ್ಗು ಬಿದ್ದಿತ್ತು. ಇನ್ನೊಂದರ ಬೇರಿಂಗು ತಿರುಗಿಸಿದರೆ ಗೊರಗುಡುತ್ತಿತ್ತು. ಬಣ್ಣ ಹಚ್ಚಿ ಹೊಸದರಂತೆ ಮಾಡಿದ್ದನ್ನು ಮುಟ್ಟಲೂ ಇಲ್ಲ. ಉಳಿದ ನಾಲ್ಕನೆಯದರ ಮುಂದೆ ನಿಂತ. ನೋಡಲು ಮಂಕು, ಆದರೆ ಗಟ್ಟಿ.

"ನೀ ನಿನಗಂತ ತಗೊಂಡ್ರ ಯಾವುದು ತಗೋತಿದ್ದಿ?" ಎಂದ ಹೊಳೆಯಪ್ಪ.

"ಇದ್ನರಿ ಕಾಕಾ."

"ಹಂಗಾದ್ರ ಇದ."

ಲೇತ್ ಹೊಳೆಯಪ್ಪನ ಊರಾದ ಗುಡಗೇರಿಗೆ ಬಂತು. ಹೊಳೆಯಪ್ಪನ ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಈರೇಶ ನಾಲ್ಕು ರವಿವಾರ ದುಡಿದ. ಮನೆಯ ಕರೆಂಟಿಗೆ ಒಗ್ಗುವ ಮೋಟರು ಕೂರಿಸಿದ. ಸಡಿಲಾಗಿದ್ದ ಹಿಡಿಕೆಗಳನ್ನು ಬಿಗಿಮಾಡಿದ. ಕಾಲಿನಿಂದ ಒತ್ತಿದರೆ ಚಕ್ಕು ತಟ್ಟನೆ ನಿಲ್ಲುವಂತೆ ಬ್ರೇಕು ಜೋಡಿಸಿದ.

ಹೊಳೆಯಪ್ಪ ಹಿಂದೆಯೇ ಸ್ಟೂಲಿನ ಮೇಲೆ ಕೂತಿರುತ್ತಿದ್ದ. ಮಾತು ಕಡಿಮೆ. ಆಡಿದರೆ ಮೈ ತಣ್ಣಗಾಗುವಂಥದು.

"ನಿನ್ನ ಬಲಗೈ ಇನ್ನೂ ಕೆಲಸ ಮರತಿಲ್ಲ ನೋಡು," ಎಂದ ಒಮ್ಮೆ. ಇನ್ನೊಮ್ಮೆ, "ಸ್ವಿಚ್ ಅಷ್ಟ್ ಕೆಳಗ ಬ್ಯಾಡ. ಕಿತ್ತು ಎದಿಮಟ್ಟಕ್ಕ ಏರಸು," ಎಂದ. ಯಾಕೆಂದು ಕೇಳುವ ಸಲಿಗೆ ಈರೇಶನಿಗೆ ಉಳಿದಿರಲಿಲ್ಲ. ಏರಿಸಿದ.

ಹೊಳೆಯಪ್ಪನ ಹೆಂಡತಿ ಸುಶೀಲವ್ವ ಚಹಾ ತಂದಿಟ್ಟು, ತಲೆ ಎತ್ತದೆ ಒಳಗೆ ಹೋಗುತ್ತಿದ್ದಳು. ಮೊದಲು ಇದೇ ಸುಶೀಲವ್ವ ಅವನಿಗೆ ಬಿಸಿ ರೊಟ್ಟಿ ಬಡಿದು ಹಾಕಿದವಳು. ಈಗ ತನ್ನ ಮುಖ ನೋಡುವುದಕ್ಕೂ ಅವಳಿಗೆ ಹೇಸಿಕೆ ಎಂದುಕೊಂಡ ಈರೇಶ.

ನಾಲ್ಕನೆಯ ರವಿವಾರ ಮಧ್ಯಾಹ್ನ ಕೆಲಸ ಮುಗಿಯಿತು. ಹೊಳೆಯಪ್ಪ ಎದ್ದು ಶೆಡ್ಡಿನ ಬಾಗಿಲು ಮುಂದೆ ಮಾಡಿದ. ಲೇತಿಗೆ ಕರೆಂಟು ಕೊಟ್ಟು, ಅದರ ಮುಂದೆ ನಿಂತ.

"ಚಕ್ಕಿನಾಗ ಕೈ ಇಡು."

"ಕಾಕಾ..."

"ಬಲಗೈ."

ತಗಡಿನ ಕೆಳಗೆ ಸೆಖೆ ಕುದಿಯುತ್ತಿತ್ತು. ಈರೇಶನಿಗೆ ನಂದಾಳ ಮಾತು ನೆನಪಾಯಿತು. ಓಡಬಹುದಿತ್ತು, ಅರವತ್ತು ದಾಟಿದವನನ್ನು ತಳ್ಳುವುದು ಎಷ್ಟರ ಕೆಲಸ. ಆದರೆ ಆ ಹೊತ್ತಿನಲ್ಲಿ ಅವನ ಮನಸ್ಸಿಗೆ ಬಂದದ್ದು ಬೇರೆ. ಒಂಬತ್ತು ವರ್ಷದಿಂದ ತುತ್ತು ಎತ್ತುವಾಗಲೆಲ್ಲ ಕಣ್ಣಿಗೆ ಬೀಳುತ್ತಿದ್ದ ತನ್ನ ಐದು ಬೆರಳುಗಳು. ಇವತ್ತಿಗೆ ಇದು ತೀರಲಿ. ಕೈ ಒಳಗಿಟ್ಟು ಕಣ್ಣು ಮುಚ್ಚಿದ.

ಧಡ್ ಎಂದಿತು. ಯಂತ್ರದ ಮುಂಭಾಗದ ತಗಡಿಗೆ ಏನೋ ಬಡಿದ ಸದ್ದು. ಮತ್ತೊಮ್ಮೆ ಧಡ್. ಮೋಟರು ಮಿಸುಕಲಿಲ್ಲ.

ಕಣ್ಣು ಬಿಟ್ಟ. ಹೊಳೆಯಪ್ಪ ಹಳೆಯ ಸ್ವಿಚ್ಚಿದ್ದ ಖಾಲಿ ಜಾಗಕ್ಕೆ ಮೂರನೆಯ ಸಲ ಮೊಣಕಾಲು ಬಡಿಯುತ್ತಿದ್ದ. ಅವನ ಗಲ್ಲ ತೊಯ್ದಿತ್ತು.

"ಇನ್ನ ಚಾಲೂ ಆಗಂಗಿಲ್ಲ," ಎಂದ. "ಕೈ ತಗಿ. ನಾಳೆ ಗಾಡಿ ಹೇಳೇನಿ. ಇದನ್ನ ಮಿಶ್ರಿಕೋಟಿಗೆ ಒಯ್ಯಿ. ಇದು ನಿಂದು."

"ನಂದ್ಯಾಕ್ರಿ ಕಾಕಾ? ನಿಮ್ಮ ಕೈ ಕಳದಾಂವ ನಾನು."

ಬಾಗಿಲಾಚೆ ಸುಶೀಲವ್ವ ಬಿಕ್ಕುವುದು ಕೇಳಿಸಿತು.

"ಸ್ವಂತ ತಪ್ಪಿಗೆ ಪರಿಹಾರದ ರೊಕ್ಕ ಕೊಡಂಗಿಲ್ಲ ಅಂತ ಮಾಲಕರು ಅಂದಿದ್ರಲೇ ಈರ್ಯಾ," ಎಂದ ಹೊಳೆಯಪ್ಪ, "ಅವತ್ತು ಸ್ವಿಚ್ಚಿಗೆ ತಾಗಿದ್ದು ನಿನ್ನ ಶಾಫ್ಟ್ ಅಲ್ಲ, ನನ್ನ ಮೊಣಕಾಲು."